ಕಪ್ಪೆ ಕೂಗಿದ ಮೇಲಿನ ಪಾಕ

ನನ್ನ ಗಂಡ ಹಾಲಿಸ್‌ಗೆ ಅಕ್ಟೋಬರಿನಲ್ಲಿ ಜ್ವರ ಬಂತು. ಒಂದು ವಾರ ಮಲಗಿಸಿ ಹೊರಟುಹೋಯಿತು. ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಬೇರೆಯವರ ಮನೆಯಲ್ಲಿ ಹೀಗಾಗಿದ್ದರೆ ನಾನೂ ಅಯ್ಯೋ ಪಾಪ ಅಂದು, ಒಂದು ಪಾತ್ರೆ ಸೂಪು ಕೊಟ್ಟು ಬಂದು ಸುಮ್ಮನಾಗುತ್ತಿದ್ದೆ. ಆದರೆ ಹಾಲಿಸ್ ಮೂವತ್ತು ವರ್ಷ ಮೇಪಲ್ ಮರದ ರಸ ಕಾಯಿಸಿ ಮಾಡುವ ಪಾಕದ ಮಂಡಿಯಲ್ಲಿ ರುಚಿ ನೋಡುವ ಕೆಲಸ ಮಾಡಿದವನು. ಪೀಪಾಯಿ ಬಂದರೆ ಮುಚ್ಚಳ ತೆಗೆಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಅವನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅದರ ಮೇಲೆ ಮಾತಿಲ್ಲ. ಮಂಡಿಯ ಕೆಲಸ ಬಿಟ್ಟ ಮೇಲೂ ಪ್ರತಿ ಮಾರ್ಚಿಗೆ ಈ ಕಣಿವೆಯವರೆಲ್ಲ ಒಂದೊಂದು ಬಾಟಲಿ ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು.

ಪಾಕ ಕಾಯಿಸುವವರಿಗೆ ಸ್ವಂತ ನಾಲಿಗೆ ಇಲ್ಲವೇ ಅಂದರೆ, ಇದೆ, ಆದರೆ ಕೆಲಸಕ್ಕೆ ಬಾರದು. ವಾರಗಟ್ಟಲೆ ಆ ಸಿಹಿ ಆವಿಯಲ್ಲೇ ನಿಂತು, ಆವಿಯನ್ನೇ ಉಸಿರಾಡಿ, ಬಟ್ಟೆಗೂ ಕೂದಲಿಗೂ ಹತ್ತಿಸಿಕೊಂಡವನಿಗೆ ಕೊನೆಗೆ ಉಪ್ಪೂ ಒಂದೇ ಸಕ್ಕರೆಯೂ ಒಂದೇ. ತನ್ನ ಕೊಪ್ಪರಿಗೆಯ ಪಾಕಕ್ಕೆ ತನ್ನ ನಾಲಿಗೆ ಸಾಕ್ಷಿಯಲ್ಲ ಅನ್ನುವುದು ಇಲ್ಲಿಯ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದೂ ಸ್ವಲ್ಪ ಸೇರಿಕೊಂಡಿರುತ್ತದೆ. ಹಾಗಾಗಿ ಬೇರೆಯವನ ಬಾಯಿ ಬೇಕು. ವರ್ಮಾಂಟಿನ ನಮ್ಮ ಈ ಮೂಲೆಯಲ್ಲಿ ಆ ಬಾಯಿ ಹಾಲಿಸ್‌ನದು.

ಡಾಕ್ಟರು, "ಬಂದ್ರೂ ಬರಬಹುದು, ಬರದೇನೂ ಇರಬಹುದು. ವಸಂತದ ಹೊತ್ತಿಗೆ ನೋಡೋಣ" ಅಂದರು. ಇಷ್ಟು ಹೇಳಿಸಿಕೊಳ್ಳಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ, ನಮ್ಮ ನಾಯಿಯೂ ಹೇಳುತ್ತಿತ್ತು.

ಆ ಚಳಿಗಾಲ ಹೇಗೆ ಕಳೆಯಿತೋ ನನಗೇ ಗೊತ್ತು. ನಾನು ಶಾಲೆಯ ಅಡುಗೆಯವಳು. ಬೆಳಗಿನಿಂದ ಮಕ್ಕಳಿಗೆ ಬೇಯಿಸಿ, ಬಡಿಸಿ, ದೊಡ್ಡ ದೊಡ್ಡ ಹಂಡೆ ತಿಕ್ಕಿ ಮನೆಗೆ ಬಂದರೆ ಸೊಂಟ ನನ್ನದೋ ಪರರದೋ ಅನ್ನುವ ಹಾಗಿರುತ್ತಿತ್ತು. ಅದಾದ ಮೇಲೆ ಮನೆಯಲ್ಲಿ ಇನ್ನೊಂದು ಅಡುಗೆ. ಸಾಸಿವೆ ಅರೆದು ಹಾಕಿದೆ. ವಿನಿಗರ್ ಸುರಿದೆ. ಉಪ್ಪು ಹಂದಿಮಾಂಸ ಹಾಕಿ ಬೀನ್ಸನ್ನು ಇಡೀ ದಿನ ಒಲೆಯಲ್ಲಿಟ್ಟೆ. ಅವನ ಅಮ್ಮ ಮಾಡುತ್ತಿದ್ದ ಹಾಗೆ ಸೇಬಿನ ಕಡುಬು ಮಾಡಿದೆ. ತಟ್ಟೆ ಇಟ್ಟು ಎದುರಿಗೆ ಕೂತು ಅವನ ಬಾಯಿಯನ್ನೇ ನೋಡುತ್ತಿದ್ದೆ.

"ಹೇಗಿದೆ?"

"ಮೆತ್ತಗಿದೆ."

"ಅಷ್ಟೇನಾ?"

"ಬಿಸಿಯಾಗೂ ಇದೆ."

ಅವನು ಜಿಪುಣತನದಿಂದ ಹಾಗೆ ಹೇಳುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿದ್ದದ್ದೇ ಅಷ್ಟು. ಆದರೂ ನಾನು ಮಾರನೆಯ ದಿನ ಮತ್ತೆ ಕೇಳುತ್ತಿದ್ದೆ. ಕೇಳಬಾರದು ಅಂದುಕೊಂಡ ದಿನವೂ ಬಾಯಿ ತಾನಾಗಿ ಕೇಳಿಬಿಡುತ್ತಿತ್ತು. ಅವನು ಬಡವಾದ. ಪ್ಯಾಂಟು ನಿಲ್ಲಲು ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡ. ನಾನು ಅವನ ಪಾಲಿನದನ್ನೂ ತಿಂದು ದಪ್ಪಗಾದೆ.

ಈ ವಿಷಯ ಊರಿನಲ್ಲಿ ಯಾರಿಗೂ ಗೊತ್ತಾಗಕೂಡದು ಅಂತ ಅವನ ಕಟ್ಟಪ್ಪಣೆ. ಗೊತ್ತಿದ್ದವರು ನಾನು ಮತ್ತು ಅವನ ಅಕ್ಕ ಬ್ಯೂಲಾ. ಮಾರ್ಚಿನಲ್ಲಿ ಬಾಟಲಿ ಹಿಡಿದು ಬಂದವರಿಗೆಲ್ಲ ನಾನು ಬಾಗಿಲಲ್ಲೇ, "ಅವನಿಗೆ ನೆಗಡಿ, ಆಮೇಲೆ ಬನ್ನಿ" ಅಂದು ಸಾಗಹಾಕಿದೆ. ಇಡೀ ಮಾರ್ಚ್ ಯಾರಿಗಾದರೂ ನೆಗಡಿ ಇರುತ್ತದೆಯೇ? ಆದರೂ ಪುಣ್ಯಕ್ಕೆ ಯಾರೂ ಕೆದಕಲಿಲ್ಲ.

ಮನೆಯಲ್ಲಿದ್ದ ಹಳೆಯ ಪಾಕದ ಡಬ್ಬಿಗಳನ್ನು ಅವನು ಚಳಿಗಾಲವಿಡೀ ಮುಟ್ಟಲಿಲ್ಲ. ಅವನದೊಂದು ಲೆಕ್ಕವಿತ್ತು.

"ಹಳೇದು ಬೇಡ ಆರ್ಡಿತ್. ಹೊಸ ಪಾಕ, ಕ್ಲೇಟನ್ ಸಕ್ಕರೆಮನೇಲಿ, ಕೊಪ್ಪರಿಗೆಯಿಂದ ಆಗತಾನೆ ಇಳಿಸಿದ್ದು. ಅದು ಬಾಯಿಗೆ ಬಿದ್ದಾಗ ಬಂದ್ರೆ ಬಂತು. ಬರಲಿಲ್ಲ ಅಂದ್ರೆ ಇನ್ನು ಬರಲ್ಲ ಅಂತ ಅರ್ಥ. ಆಮೇಲೆ ನೀನೂ ಕಾಯಬೇಡ, ನಾನೂ ಕಾಯಲ್ಲ."

ಪಾಕ ಕಾಯಿಸುವ ಕೊಟ್ಟಿಗೆಗೆ ಇಲ್ಲಿ ಸಕ್ಕರೆಮನೆ ಅಂತಾರೆ, ಕ್ಲೇಟನ್‌ನದು ಅವನು ಚಿಕ್ಕಂದಿನಿಂದ ಹೋಗಿ ಬಂದದ್ದು. ನಾನು ಆಗಲಿ ಅಂದೆ. ಆದರೆ ಒಳಗೊಳಗೆ, ಬಂದೇ ಬರುತ್ತದೆ ಅಂತ ಹಟ ಹಿಡಿದುಬಿಟ್ಟೆ. ಐದು ವರ್ಷದ ಹುಡುಗನಾಗಿದ್ದಾಗಿನಿಂದ ಆ ರುಚಿಯ ಜೊತೆ ಬದುಕಿದ ನಾಲಿಗೆ ಅದನ್ನು ಗುರುತು ಹಿಡಿಯದೆ ಇರುತ್ತದೆಯೇ?

ಮಾರ್ಚಿನ ಮೊದಲ ಭಾನುವಾರ ಹೋಗಬೇಕೆಂದಿದ್ದೆವು. ಹಿಮ ಬಿತ್ತು. ಎರಡನೆಯದಕ್ಕೆ ಪಿಕಪ್ ಕೆಸರಿನಲ್ಲಿ ಹೂತುಕೊಂಡಿತು. ಮೂರನೆಯದಕ್ಕೆ ಅವನೇ, ಇವತ್ತು ಬೇಡ, ಅಂದ. ಹೆದರಿದ್ದ ಅಂತ ಈಗ ಅನಿಸುತ್ತದೆ. ಹೀಗೆ ಮುಂದೂಡುತ್ತ ಹೋಗಿ, ಕೊನೆಗೆ ಹೊರಟಿದ್ದು ಏಪ್ರಿಲ್ಲಿನ ಮೊದಲ ಭಾನುವಾರ. ಮರುವಾರ ಕ್ಲೇಟನ್ ಬಾಗಿಲು ಹಾಕುತ್ತಾನೆ ಅಂತ ಸುದ್ದಿ ಬಂದಿತ್ತು.

ಬ್ಯೂಲಾ ತಾನೂ ಬರುತ್ತೇನೆ ಅಂತ ರಸ್ತೆಯ ತಿರುವಿನಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದಳು. ಗಂಡ ಸತ್ತ ಮೇಲೆ ಅವಳಿಲ್ಲದೆ ನಾವು ಎಲ್ಲಿಗೂ ಹೋದದ್ದಿಲ್ಲ. ಕರೆಯುವ ಪ್ರಶ್ನೆಯೇ ಬರುವುದಿಲ್ಲ, ಅವಳು ಬಂದಿರುತ್ತಾಳೆ. ಮೂವರೂ ಪಿಕಪ್ಪಿನ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ನಾನು ನಡುವೆ. ಬೆಳಗ್ಗೆ ಚಳಿ ಇತ್ತು, ಕಿಟಕಿಯ ಗಾಜು ಏರಿಸಿ ಹೀಟರ್ ಹಾಕಿದ್ದೆವು.

"ಆ ಡಾನೆಲ್ ಬಂದ ಮೇಲೆ ಸಕ್ಕರೆಮನೆ ಮದುವೆಮನೆ ಆಗಿದೆಯಂತೆ" ಅಂದಳು ಬ್ಯೂಲಾ. ಡಾನೆಲ್ ಅಂದರೆ ಕ್ಲೇಟನ್‌ನ ಸೊಸೆ. "ಭಾನುವಾರ ಬ್ರಂಚ್ ಅಂತೆ. ನಮ್ಮ ಕಾಲದಲ್ಲಿ ಬೆಳಗಿನ ತಿಂಡಿ ಅಂತಿದ್ರು, ತಿಂದು ಎದ್ದು ಹೋಗ್ತಿದ್ರು."

"ಸುಮ್ನಿರು ಅಕ್ಕ" ಅಂದ ಹಾಲಿಸ್. ಅವನು ಆ ದಿನ ಬೆಳಗ್ಗೆಯಿಂದ ಆಡಿದ್ದು ಅದೊಂದೇ ಮಾತು.

ಕೊನೆಯ ಏರು ಹತ್ತಿದ ಕೂಡಲೇ ಅವನು ಬಗ್ಗಿ ಗಾಜಿನಾಚೆ ನೋಡಿದ. ನಾನೂ ನೋಡಿದೆ. ಸಕ್ಕರೆಮನೆಯ ಮಾಡಿನ ಕಿಂಡಿಯಲ್ಲಿ ಆವಿ ಇರಲಿಲ್ಲ. ಪಾಕ ಕಾಯಿಸುವ ದಿನ ಅಲ್ಲಿಂದ ಏಳುವ ಬಿಳಿ ಆವಿ ಮೈಲಿ ದೂರಕ್ಕೆ ಕಾಣುತ್ತದೆ. ಅಂದು ತಗಡಿನ ಮಾಡು ಬೋಳಾಗಿತ್ತು.

"ಕಾಯಿಸ್ತಿಲ್ಲ" ಅಂದ.

"ಒಳಗೆ ಬೆಚ್ಚಗೆ ಇಟ್ಟಿರ್ತಾರೆ ಬಿಡೋ" ಅಂದೆ.

ಬಾಗಿಲಿನಿಂದ ಸೌದೆ ರಾಶಿಯವರೆಗೂ ಜನ. ಬಾಸ್ಟನ್ ಕಡೆಯ ಕಾರುಗಳು ಹುಲ್ಲಿನ ಮೇಲೆಲ್ಲ ನಿಂತು ಗದ್ದೆ ಮಾಡಿದ್ದವು. ಬಿಳಿ ಬೂಟು ಹಾಕಿಕೊಂಡು ಕೆಸರಿಗೆ ಬಂದವರು ಕೆಸರನ್ನೇ ಬೈಯುತ್ತಿದ್ದರು. ಡಾನೆಲ್ ಎಲ್ಲರ ಕೈಗೂ ಒಂದೊಂದು ಮರದ ಬಿಲ್ಲೆ ಕೊಟ್ಟು, "ಇನ್ನೇನು ಕರೀತೀನಿ" ಅಂದಳು. ಆ ಇನ್ನೇನು ಬರುವಷ್ಟರಲ್ಲಿ ನನ್ನ ಮಂಡಿ ಹಿಡಿದುಕೊಂಡಿತ್ತು. ಬ್ಯೂಲಾ ಸೌದೆಯ ಮೇಲೆ ಕೂತಳು. ಸೌದೆಯ ಮೇಲೆ ಕೂರಬಾರದು ಅಂತ ಬೋರ್ಡು ಇತ್ತು. ಬೋರ್ಡಿಗೆ ಬೆನ್ನು ಮಾಡಿ ಕೂತಳು.

"ನಾನು ಈ ಮನೆಗೆ ಬರ್ತಿದ್ದಾಗ ಇವಳಿನ್ನೂ ಹುಟ್ಟೇ ಇರಲಿಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಹಿಂದಿನ ಬಾಗಿಲಿಂದ ಬಂದು ಡಬ್ಬದಲ್ಲಿ ಕುಡಿದು ಹೋಗ್ತಿದ್ವಿ. ಈಗ ಬಿಲ್ಲೆ ಅಂತೆ ಬಿಲ್ಲೆ. ಹಸುಗೆ ಕಟ್ಟಿದ ಹಾಗೆ."

ಹಾಲಿಸ್ ಸರದಿಯಲ್ಲಿ ನೆಟ್ಟಗೆ ನಿಂತಿದ್ದ. ಅವನು ಕಾಡಿನ ಕಡೆ ನೋಡಲಿಲ್ಲ, ರಸ ಇಳಿಸಲು ಮರದಿಂದ ಮರಕ್ಕೆ ಎಳೆದಿದ್ದ ನೀಲಿ ಕೊಳವೆಗಳ ಕಡೆ ನೋಡಲಿಲ್ಲ, ಆ ಬಾಗಿಲೊಂದನ್ನೇ ನೋಡುತ್ತಿದ್ದ. ಒಳ್ಳೆಯ ಕೋಟು ಹಾಕಿಕೊಂಡಿದ್ದ, ಚರ್ಚಿಗೆ ಹಾಕುವಂಥದು. ನಾನು ಅದನ್ನು ಮನೆಯಲ್ಲಿ ಗಮನಿಸಿರಲಿಲ್ಲ.

ಕೊನೆಗೂ ಒಳಗೆ ಕರೆದರು. ಹಳೆಯ ಸಕ್ಕರೆಮನೆಯ ಗೋಡೆ ಒಡೆದು ಪಕ್ಕಕ್ಕೆ ದೊಡ್ಡ ಹಾಲ್ ಕಟ್ಟಿದ್ದಾರೆ. ಚೌಕುಳಿ ಪರದೆ, ಗೋಡೆಗೆ ಜಿಂಕೆ ಕೊಂಬು, ಮೇಲಿನಿಂದ ಇಳಿಬಿಟ್ಟ ದೀಪ, ಎಲ್ಲಿಂದಲೋ ಪಿಟೀಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಮಾತು ನನಗೆ ಕೂತ ಕೂಡಲೇ ನೆನಪಾಯಿತು, ಯಾಕೆಂದರೆ ಮೇಜು ಅಂಟಂಟಾಗಿತ್ತು ಮತ್ತು ಕಾಫಿ ಬಣ್ಣದ ನೀರಾಗಿತ್ತು. ಮೊಟ್ಟೆ ರಬ್ಬರಾಗಿತ್ತು. ಸಾಸೇಜು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಪ್ಯಾನ್‌ಕೇಕ್ ಎಷ್ಟು ತಣ್ಣಗಿತ್ತೆಂದರೆ ಮೇಲಿಟ್ಟ ಬೆಣ್ಣೆ ಇಟ್ಟ ಹಾಗೇ ಕೂತಿತ್ತು. ಶಾಲೆಯಲ್ಲಿ ನಾನು ಹೀಗೆ ಬಡಿಸಿದರೆ ಮಕ್ಕಳು ನನ್ನ ಮೇಲೇ ಎಸೆಯುತ್ತಾರೆ.

ಬ್ಯೂಲಾ ಬಡಿಸುವ ಹುಡುಗಿಯನ್ನು ಹಿಡಿದು ನಿಲ್ಲಿಸಿದಳು. "ಹಿಮದ ಮೇಲೆ ಸುರಿದ ಪಾಕ ಬರಲೇ ಇಲ್ಲವಲ್ಲ ಮಗಳೇ."

"ಹಿಮ ಮುಗೀತು ಅಜ್ಜಿ."

"ಜೊತೆಗೆ ಕೊಡೋ ಹುಳಿ ಸೌತೆ ಉಪ್ಪಿನಕಾಯಿ?"

"ಅದೂ ಮುಗೀತು. ಡೋನಟ್ ಇದೆ."

"ಊಟಕ್ಕಿಲ್ಲದ ಉಪ್ಪಿನಕಾಯಿ ಇನ್ಯಾವತ್ತಿಗೆ ಕಣೇ ಇಟ್ಕೊಂಡಿದೀರಾ? ನಾನು ಮಣ್ಣಾದ ದಿನಕ್ಕಾ?"

ಹುಡುಗಿ ನಕ್ಕು ಓಡಿಹೋದಳು. ಮೇಜಿನ ಮೇಲೆ ಪಾಕದ ಜಗ್ ಇತ್ತು. ಬ್ಯೂಲಾ ಕೈ ಹಾಕಿದಳು. ಹಾಲಿಸ್ ಜಗ್ಗಿನ ಬಾಯಿಗೆ ಅಂಗೈ ಮುಚ್ಚಿದ.

"ಮೊದಲು ನಾನು" ಅಂದ. ಆದರೆ ಸುರಿದುಕೊಳ್ಳಲೂ ಇಲ್ಲ. ಹಾಗೇ ಕೂತ. ಮೂರು ತಟ್ಟೆ ಒಣ ಪ್ಯಾನ್‌ಕೇಕ್ ಎದುರಿಗೆ ಇಟ್ಟುಕೊಂಡು ನಾವು ಮೂವರೂ ಒಂದು ಜಗ್ ಕಾಯುತ್ತ ಕೂತೆವು. ಪಕ್ಕದ ಮೇಜಿನವರು ಪ್ರಾರ್ಥನೆ ಮಾಡುತ್ತಿದ್ದೇವೆ ಅಂದುಕೊಂಡು ದನಿ ತಗ್ಗಿಸಿದರು.

ಅಷ್ಟರಲ್ಲಿ ಕ್ಲೇಟನ್ ನಮ್ಮನ್ನು ಕಂಡ. ಕೊಪ್ಪರಿಗೆಯ ಕಡೆಯಿಂದ ಬಂದ, ಕೈಯಲ್ಲಿ ಸಣ್ಣ ಕಾಗದದ ಲೋಟ. ಆರು ವಾರ ಕೆಟ್ಟ ನಿದ್ದೆ ಅವನ ಕಣ್ಣ ಕೆಳಗೆ ಜೋತಾಡುತ್ತಿತ್ತು.

"ನೆಗಡಿ ಹೋಯ್ತೇನಯ್ಯಾ ಹಾಲಿಸ್? ದೇವರೇ ಕಳಿಸಿದ ಹಾಗೆ ಬಂದೆ" ಅಂದ. "ಇವತ್ತು ರಸ ಇಳೀಲಿಲ್ಲ. ಇದು ನಿನ್ನೆ ಕಾಯಿಸಿದ್ದು, ಕಡೇದು. ಬೆಚ್ಚಗೆ ಮಾಡಿ ತಂದೆ. ಜಗ್ಗಲ್ಲಿರೋದೂ ಇದೇ. ನೋಡಿ ಹೇಳು ಮಾರಾಯಾ. ನನ್ನ ನಾಲಿಗೆ ಚರ್ಮ ಆಗಿದೆ, ಡಾನೆಲ್‌ಗೆ ಗೊತ್ತಾಗಲ್ಲ, ಈ ಪೇಟೆಯವರು ಏನು ಸುರಿದ್ರೂ ಚೆನ್ನಾಗಿದೆ ಅಂತಾರೆ. ಮಾರ್ಚಿನ ಪಾಕದ ತೊಟ್ಟಿಗೆ ಇದನ್ನ ಸೇರಿಸಿಬಿಡ್ಲಾ, ಬೇಡ್ವಾ? ಸಂಜೆ ಒಳಗೆ ಪೀಪಾಯಿಗೆ ತುಂಬಿಸಬೇಕು."

ಹಾಲಿಸ್ ಲೋಟ ಇಸಿದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಅತ್ತಿಂದಿತ್ತ ಆಡಿಸಿ, ಕಣ್ಣು ಮುಚ್ಚಿದ. ಮೂವತ್ತು ವರ್ಷ ಮಾಡಿದ ಹಾಗೇ. ನನ್ನ ಫೋರ್ಕು ಗಾಳಿಯಲ್ಲಿ ನಿಂತಿತ್ತು. ಬ್ಯೂಲಾ ಕೂಡ ಬಾಯಿ ಮುಚ್ಚಿದ್ದಳು.

ಬಹಳ ಹೊತ್ತಾಯಿತು. ಆಮೇಲೆ ಅವನು ಕಣ್ಣು ತೆರೆದು ಮೊದಲು ನನ್ನನ್ನು ನೋಡಿದ, ಆಮೇಲೆ ಕ್ಲೇಟನ್‌ನನ್ನು.

"ಹೂಂ" ಅಂದ. "ಚೆನ್ನಾಗಿದೆ ಕ್ಲೇಟನ್. ಸೇರಿಸು."

ನನ್ನ ಕಡೆ ತಿರುಗಿ ಮೆಲ್ಲಗೆ, "ಬಂತು ಕಣೇ ಆರ್ಡಿತ್" ಅಂದ. ಅವನ ಕಣ್ಣಲ್ಲಿ ನೀರಿತ್ತು.

ನನಗಾದ ಸಂತೋಷ ಹೇಳತೀರದು. ಮೈಯಿಂದ ಚಳಿಗಾಲವೇ ಇಳಿದುಹೋದ ಹಾಗಾಯಿತು. ಮಂಡಿ ನೋವು, ಸರದಿ, ರಬ್ಬರು ಮೊಟ್ಟೆ, ಎಲ್ಲ ಮಾಫಿ. ಇವತ್ತು ರಾತ್ರಿಗೆ ಏನು ಮಾಡಲಿ, ನಾಳೆಗೆ ಏನು ಮಾಡಲಿ ಅಂತ ತಲೆಯಲ್ಲಿ ಒಲೆ ಹೊತ್ತಿಸಿಬಿಟ್ಟೆ. ಜಗ್ ಎತ್ತಿ ನನ್ನ ಪ್ಯಾನ್‌ಕೇಕಿನ ಮೇಲೆ, ಬ್ಯೂಲಾಳದರ ಮೇಲೆ, ಧಾರಾಳವಾಗಿ ಸುರಿದೆ. ದೊಡ್ಡ ತುಂಡು ಕತ್ತರಿಸಿ ಬಾಯಿಗಿಟ್ಟೆ.

ಮೊದಲು ಸಿಹಿ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಎಲೆಕೋಸು ಬೇಯಿಸಿ ಮರೆತ ನೀರು, ಒದ್ದೆ ಉಣ್ಣೆ, ನಾಲಿಗೆಯ ಬುಡದಲ್ಲಿ ಹಸಿರು ಕಹಿ. ಮೊಗ್ಗಿನ ಪಾಕ.

ಇಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ಮೇಪಲ್ ಮರ ಮೊಗ್ಗು ಒಡೆಯಲು ಶುರು ಮಾಡಿತೆಂದರೆ ಅದರ ರಸ ಕೆಡುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಆ ವಾಸನೆ ಹೋಗುವುದಿಲ್ಲ. ಕೊಡ ಹಾಲಿಗೆ ಹನಿ ಹುಳಿ ಅಂತಾರಲ್ಲ, ಹಾಗೆ ಒಂದು ಪೀಪಾಯಿ ಇಡೀ ತೊಟ್ಟಿಯನ್ನು ಕೆಡಿಸಲು ಸಾಕು. ಮಂಡಿಯಲ್ಲಿ ಹಾಲಿಸ್ ಇಂಥದನ್ನು ಬಾಯಿಗೂ ಹಾಕಿಕೊಳ್ಳುತ್ತಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಮೂಗಿನಲ್ಲೇ ಹಿಡಿದು ವಾಪಸ್ ಕಳಿಸುತ್ತಿದ್ದ.

ಅವನಿಗೆ ಏನೂ ಬಂದಿರಲಿಲ್ಲ.

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲಾರೆ, ಉಗುಳಲಾರೆ. ಕ್ಲೇಟನ್ ಇನ್ನೂ ಪಕ್ಕದಲ್ಲೇ ನಿಂತು ಹಾಲಿಸ್‌ನ ಬೆನ್ನು ತಟ್ಟುತ್ತಿದ್ದ. "ಬದುಕಿಸಿದೆ ಕಣಯ್ಯಾ. ನನಗೆ ಯಾಕೋ ಅನುಮಾನ ಇತ್ತು" ಅನ್ನುತ್ತಿದ್ದ. ಬ್ಯೂಲಾ ಒಂದು ತುಂಡು ಬಾಯಿಗಿಟ್ಟು, ಮುಖ ಹಿಂಡಿ, "ಥೂ, ಇದೇನಿದು" ಅನ್ನಲು ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ಕಾಲನ್ನು ಬೂಟಿನಿಂದ ಒತ್ತಿ ಹಿಡಿದೆ. ಅವಳು ನನ್ನನ್ನು ನೋಡಿದಳು. ತಮ್ಮನನ್ನು ನೋಡಿದಳು. ಎಪ್ಪತ್ತು ವರ್ಷದಲ್ಲಿ ಒಂದು ಮಾತನ್ನೂ ನುಂಗದ ಹೆಂಗಸು ಅದನ್ನು ನುಂಗಿದಳು. ನುಂಗಿ, ಜಗ್ ಎಳೆದುಕೊಂಡು, ಇನ್ನಷ್ಟು ಸುರಿದುಕೊಂಡು ತಿಂದಳು.

"ಚೆನ್ನಾಗಿದೆ" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ಪ್ರೀತಿಯಿಂದಲೋ ಆ ಕಹಿಯಿಂದಲೋ ನಾನು ಕೇಳಿಲ್ಲ.

ನಾನೂ ತಟ್ಟೆ ಖಾಲಿ ಮಾಡಿದೆ. ಹಾಲಿಸ್ ಗೆಲುವಾಗಿ ತಿನ್ನುತ್ತಿದ್ದ, ನಡುನಡುವೆ ನನ್ನ ಕಡೆ ನೋಡಿ ನಗುತ್ತಿದ್ದ. ಕ್ಲೇಟನ್ ತೊಟ್ಟಿಯ ಕಡೆ ಹೊರಟುಹೋದ. ಎದ್ದು ಹಿಂದೆ ಓಡಿ, ಬೇಡ ಕ್ಲೇಟನ್, ಸುರಿಯಬೇಡ, ಅನ್ನಬೇಕಿತ್ತು. ಒಂದು ವರ್ಷದ ದುಡಿಮೆ ಅವನದು. ಆದರೆ ಹಾಗಂದರೆ ಆ ಹಾಲ್‌ನಲ್ಲಿ, ಅಷ್ಟು ಜನರ ಎದುರಿಗೆ, ಹಾಲಿಸ್‌ನ ನಾಲಿಗೆ ಸತ್ತಿದೆ ಅಂತ ನಾನೇ ಸಾರಿದ ಹಾಗೆ. ನಾನು ಏಳಲಿಲ್ಲ. ಸಂಜೆಯವರೆಗೆ ಸಮಯವಿದೆ, ಮನೆಗೆ ಹೋಗಿ ಗುಟ್ಟಾಗಿ ಫೋನ್ ಮಾಡೋಣ, ಏನಾದರೂ ಸುಳ್ಳು ಹೊಂದಿಸೋಣ ಅಂದುಕೊಂಡೆ. ಸುಳ್ಳು ಹೊಂದಿಸಲೂ ತ್ರಾಣ ಬೇಕು. ನನ್ನಲ್ಲಿ ಅದೂ ಇರಲಿಲ್ಲ.

ಹೊರಗೆ ಬಿಸಿಲು ಏರಿತ್ತು. ಪಿಕಪ್ ಹತ್ತಿದ ಮೇಲೆ ಹಾಲಿಸ್ ಮಾತಾಡಿದ, ತಿಂಗಳುಗಳ ಮೇಲೆ ಅಷ್ಟೊಂದು ಮಾತಾಡಿದ.

"ಇನ್ಮೇಲೆ ನೀನು ಹೇಗಿದೆ ಹೇಗಿದೆ ಅಂತ ಕೇಳೋದು ತಪ್ಪಿತು ನೋಡು. ಏನು ಬೇಕಾದ್ರೂ ಮಾಡು. ನಾಳೆಯಿಂದ ನೀನು ಬೇಗ ಮಲಕ್ಕೋ. ರೊಟ್ಟಿ ಬೆಣ್ಣೆ ಇದ್ರೂ ಸಾಕು ನನಗೆ."

ನಾನು ಹೂಂ ಅಂದೆ.

ಇಳಿಜಾರಿನಲ್ಲಿ ಬ್ಯೂಲಾಳ ಮುಖ ಬಿಳುಚಿತು. "ಹೊಟ್ಟೆ ತೊಳೆಸ್ತಿದೆ" ಅಂದು ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. ಆಗ ನಾವು ಕೆಳಗಿನ ಜೌಗಿನ ಪಕ್ಕದಲ್ಲಿದ್ದೆವು. ಗಾಳಿಯ ಜೊತೆಗೆ ಸದ್ದೂ ಒಳಗೆ ಬಂತು. ಕಪ್ಪೆಗಳು. ಹೆಬ್ಬೆರಳಿನಷ್ಟೂ ಇಲ್ಲದ ನಮ್ಮ ವಸಂತದ ಕಪ್ಪೆಗಳು, ಜೌಗಿನ ತುಂಬ, ಹಗಲು ಹೊತ್ತಿನಲ್ಲೇ, ಕಿವಿ ಗವ್ವೆನ್ನುವ ಹಾಗೆ ಕೂಗುತ್ತಿದ್ದವು. ನಮ್ಮ ಮನೆ ಗುಡ್ಡದ ಮೇಲಿದೆ, ಅಲ್ಲಿಗೆ ಕೇಳಿಸುವುದಿಲ್ಲ. ಬೆಳಗ್ಗೆ ಗಾಜು ಏರಿಸಿದ್ದೆವು.

ಕಪ್ಪೆ ಕೂಗಿದ ಮೇಲೆ ಕೊಪ್ಪರಿಗೆ ತೊಳೆದಿಡು ಅಂತ ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಹೇಳಿಕೊಡುತ್ತಾರೆ. ಅಷ್ಟು ಹೊತ್ತಿಗೆ ಮರ ಮೊಗ್ಗೊಡೆದಿರುತ್ತದೆ.

ಹಾಲಿಸ್ ಪಿಕಪ್ ನಿಲ್ಲಿಸಿದ. ಇಂಜಿನ್ ಆರಿಸಿದ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿಸಿಕೊಂಡ.

"ಇವು ಇವತ್ತು ಶುರು ಮಾಡಿದ್ದಲ್ಲ" ಅಂದ. "ಇಷ್ಟು ಜೋರಾಗಬೇಕಾದ್ರೆ ಮೂರು ನಾಲ್ಕು ದಿನ ಆಗಿರಬೇಕು."

ಬ್ಯೂಲಾ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿದಳು.

"ಕ್ಲೇಟನ್ ನಿನ್ನೆ ಕಾಯಿಸಿದ್ದು ಅಂದ."

"ಹೂಂ" ಅಂದೆ.

"ನೀನು ತಟ್ಟೆ ಪೂರ್ತಿ ತಿಂದೆ."

"ತಿಂದೆ."

ಅವನು ನನ್ನ ಕಡೆ ತಿರುಗಿದ. ಚಳಿಗಾಲವಿಡೀ ನಾನು ಅವನ ಮುಖ ನೋಡಿದ ಹಾಗೆ ಈಗ ಅವನು ನನ್ನ ಮುಖ ನೋಡಿದ.

"ಹೇಗಿತ್ತು?" ಅಂದ.

ಸುಳ್ಳು ಹೇಳಬಹುದಿತ್ತು. ಆದರೆ ಆ ಪ್ರಶ್ನೆ ಎಷ್ಟು ಭಾರ ಅಂತ ನನಗೆ ಆಗ ಗೊತ್ತಾಯಿತು. ದಿನಾ ಸಂಜೆ ನಾನು ಅದನ್ನು ಅವನ ತಲೆಯ ಮೇಲೆ ಹೇರುತ್ತಿದ್ದೆ.

"ಕೆಟ್ಟಿತ್ತು ಹಾಲಿಸ್. ಮೊಗ್ಗಿನ ಪಾಕ."

"ಅಕ್ಕಾ?"

"ನನ್ನ ಗಂಡನ ಒದ್ದೆ ಕಾಲುಚೀಲ" ಅಂದಳು ಬ್ಯೂಲಾ, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ. "ಅದನ್ನ ತಿಂದೆನಲ್ಲೋ ನಿನಗೋಸ್ಕರ. ಅಮ್ಮ ಸತ್ತಾಗಲೂ ನಾನು ಇಷ್ಟು ಕಷ್ಟಪಟ್ಟಿಲ್ಲ."

ಹಾಲಿಸ್ ನಗಲಿಲ್ಲ. "ನನಗೆ ಬೆಚ್ಚಗೆ ಅನಿಸ್ತು ಅಷ್ಟೇ" ಅಂದ. "ಸಿಹಿ ಕೂಡ ಗೊತ್ತಾಗಲಿಲ್ಲ. ಬಿಸಿನೀರು ಕೊಟ್ಟಿದ್ರೂ ಒಂದೇ. ಕಣ್ಣು ಬಿಟ್ಟೆ, ನೀನು ಫೋರ್ಕ್ ಹಿಡ್ಕೊಂಡು ಹಾಗೇ ಕೂತುಬಿಟ್ಟಿದ್ದೆ. ಆ ಮುಖಕ್ಕೆ ಊಹೂಂ ಅನ್ನೋಕೆ ಆಗಲಿಲ್ಲ ಕಣೇ. ಎಷ್ಟು ದಿನ ಅಂತ ಅನ್ನಲಿ? ನೀನು ಸೋತಿದೀಯ, ನಾನೂ ಸೋತಿದೀನಿ."

"ಹಾಗಂತ ಕ್ಲೇಟನ್‌ಗೂ ಹೂಂ ಅಂದುಬಿಟ್ಟೆಯಲ್ಲೋ" ಅಂದೆ ನಾನು.

"ಅಂದೆ. ಗೊತ್ತಿಲ್ಲದ್ದಕ್ಕೆ ಹೂಂ ಅಂದಿದ್ದು ಜನ್ಮದಲ್ಲಿ ಇದೇ ಮೊದಲು."

ಕಪ್ಪೆಗಳು ಕೂಗುತ್ತಲೇ ಇದ್ದವು. ನಾನು ಅತ್ತೆ. ಅಳಬೇಕು ಅಂತ ಅಲ್ಲ, ತಾನಾಗಿ ಬಂತು. ಅವನ ರುಚಿ ಬರಲಿಲ್ಲವಲ್ಲ, ಇನ್ನು ಬರುವುದಿಲ್ಲವಲ್ಲ ಅಂತ ಅತ್ತೆ. ಅವನು ಸುಮ್ಮನೆ ಕೂತು ಅಳಲು ಬಿಟ್ಟ. ಆಮೇಲೆ ಇಂಜಿನ್ ಹಾಕಿ, ಆ ಕಿರಿದಾದ ಕೆಸರು ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ, ಪಿಕಪ್ಪನ್ನು ಬಂದ ದಾರಿಗೇ ತಿರುಗಿಸಿದ.

"ಅಯ್ಯೋ, ಮತ್ತೆ ಆ ಸರದೀಲಿ ನಿಲ್ಲಬೇಕಾ?" ಅಂದಳು ಬ್ಯೂಲಾ.

"ಹಿಂದಿನ ಬಾಗಿಲು" ಅಂದ ಹಾಲಿಸ್. ಸ್ವಲ್ಪ ದೂರ ಹೋದ ಮೇಲೆ, "ಸರಿಯಾಗಿ ಹೇಳು ಆರ್ಡಿತ್. ಮೊದಲು ಏನು ಬಂತು?"

"ಮೊದಲು ಸಿಹಿ."

"ಎಷ್ಟು ಹೊತ್ತು?"

"ಒಂದು ಉಸಿರು. ಆಮೇಲೆ ಎಲೆಕೋಸಿನ ನೀರು. ನುಂಗಿದ ಮೇಲೆ ನಾಲಿಗೆ ಬುಡದಲ್ಲಿ ಕಹಿ ಉಳೀತು. ಈಗಲೂ ಇದೆ."

"ಎಲೆಕೋಸು, ಆಮೇಲೆ ಬುಡದಲ್ಲಿ ಕಹಿ" ಅಂತ ಅವನು ಪಾಠ ಒಪ್ಪಿಸುವ ಹಾಗೆ ಬಾಯಲ್ಲೇ ಹೇಳಿಕೊಂಡ. "ಹೌದು, ಅದು ಹಾಗೇ ಇರತ್ತೆ."

ಸಕ್ಕರೆಮನೆಯ ಹಿಂದೆ ನಿಲ್ಲಿಸಿ ಒಬ್ಬನೇ ಇಳಿದು ಹೋದ. ಹಿಂದಿನ ಬಾಗಿಲು ಅಗಲವಾಗಿ ತೆರೆದಿತ್ತು. ಕ್ಲೇಟನ್, ಅವನ ಮಗ, ಡಾನೆಲ್, ಇನ್ನಿಬ್ಬರು ಊರಿನವರು ತೊಟ್ಟಿಯ ಸುತ್ತ ನಿಂತಿದ್ದರು. ಬಕೆಟ್ಟು ಎತ್ತಿ ಹಿಡಿದಿದ್ದ ಕ್ಲೇಟನ್ ಅದನ್ನು ಕೆಳಗಿಟ್ಟ. ಹಾಲಿಸ್ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ. ಒಂದು ಸಲ ತನ್ನ ಬಾಯಿಯನ್ನು ಬೆರಳಿನಿಂದ ತೋರಿಸಿದ. ಒಂದು ಸಲ ಪಿಕಪ್ಪಿನ ಕಡೆ, ನನ್ನ ಕಡೆ, ತೋರಿಸಿದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆ ಮೂವತ್ತು ವರ್ಷದ ಹೂಂ, ಊಹೂಂ ಎಲ್ಲ ಅವತ್ತಿಗೆ ಮುಗಿಯಿತು. ಕ್ಲೇಟನ್ ಬಕೆಟ್ಟನ್ನು ಹೊರಗೆ ತಂದು ಕೆಸರಿಗೆ ಸುರಿದ. ಆಮೇಲೆ ಹಾಲಿಸ್‌ನ ತೋಳು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ.

ವಾಪಸ್ ಬಂದು ಸ್ಟೀರಿಂಗಿನ ಹಿಂದೆ ಕೂತಾಗ ಹಾಲಿಸ್ ಇನ್ನೂ ಹತ್ತು ವರ್ಷ ಮುದುಕನಾದ ಹಾಗೆ ಕಂಡ. ಆದರೆ ಉಸಿರು ಹಗುರಾಗಿತ್ತು.

"ಬೇಜಾರು ಮಾಡ್ಕೊಂಡ್ನಾ?" ಅಂದೆ.

"ಇಲ್ಲ. ಬರೋ ವರ್ಷ ಬಾಟಲಿ ತಗೊಂಡು ನಿನ್ನ ಹತ್ರ ಬರ್ತಾನಂತೆ."

"ನನಗೆ ಅದೊಂದು ಬೇರೆ ಬಾಕಿ ಇತ್ತು."

ಮನೆಯ ತಿರುವಿನಲ್ಲಿ ಬ್ಯೂಲಾ ಇಳಿದುಹೋದಳು, ಸೋಡಾಪುಡಿ ಕುಡಿದು ಮಲಗುತ್ತೇನೆ ಅಂತ. ನಾವಿಬ್ಬರೇ ಗುಡ್ಡ ಹತ್ತಿದೆವು. ರಾತ್ರಿಗೆ ನಿನ್ನೆಯ ಬೀನ್ಸ್ ಇದೆ ಅಂದೆ. ಸರಿ ಅಂದ. ನಾನು ಇನ್ನು ಯಾವತ್ತೂ ಹೇಗಿದೆ ಅಂತ ಕೇಳುವುದಿಲ್ಲ ಅಂದೆ.

"ಬೇಡ, ಕೇಳಬೇಡ" ಅಂದ. "ನೀನು ಹೇಳು. ಹೇಗಿದೆ ಅಂತ ನೀನು ಹೇಳ್ತಾ ಇರು, ನಾನು ತಿಂತೀನಿ."

"ಬೀನ್ಸಿಗೆ ಉಪ್ಪು ಸ್ವಲ್ಪ ಜಾಸ್ತಿ ಆಗಿದೆ" ಅಂದೆ.